ಪ್ರಭಾವತಿ ಆಂಟಿಯ ಸ್ಪ್ಯಾನಿಷ್ ಸಿನಿಮಾ

ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಮಾರುವ ಮಂಜುನಾಥನ ಕಣ್ಣಿಗೆ ಪ್ರಭಾವತಿ ಆಂಟಿ ಒಳ್ಳೆಯ ಮಾಲು: ಗಿಡ್ಡ ಅಳತೆ, ಗಟ್ಟಿ ಅಂಚು, ಹೊಳಪು ಕಡಿಮೆ, ಬಿಸಿ ಪಾತ್ರೆ ಇಟ್ಟರೂ ಕಲೆಯಾಗದು. ಒಂದೇ ಐಬು, ಸುಮ್ಮನಿರುವ ಜಾಯಮಾನವಲ್ಲ. ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಅಮೆರಿಕದ ಆನ್ ಆರ್ಬರಿನ ಲೈಬ್ರರಿಯಲ್ಲಿ ಶನಿವಾರ ಶನಿವಾರ ಪರದೇಶದ ಸಿನಿಮಾ ತೋರಿಸುತ್ತಾರೆ. ಜನ ಸಾಲದಿದ್ದರೆ ಪರಿಚಯದವರನ್ನು ಕಾರಿಗೆ ತುಂಬಿಕೊಂಡು ಹೋಗುತ್ತಾರೆ.

ಈ ಸಲ ಸೌತ್‌ಫೀಲ್ಡಿನ ಅವನ ಅಂಗಡಿಗೇ ಬಂದರು.

“ಸ್ಪ್ಯಾನಿಷ್ ಸಿನಿಮಾ ಕಣಪ್ಪ. ಡೈರೆಕ್ಟರ್‌ದು ಮೊದಲನೇದಂತೆ. ಮಾತು ಬಿಟ್ಟ ಅಣ್ಣ ತಮ್ಮಂದಿರ ಕಥೆ.”

“ಅದನ್ನ ನೋಡೋಕೆ ಅಷ್ಟು ದೂರ ಯಾಕೆ ಆಂಟಿ, ನಮ್ಮನೇಲೇ ಓಡ್ತಿದೆ.”

ಓಡುತ್ತಿದ್ದದ್ದು ನಿಜ. ಗೃಹಪ್ರವೇಶಕ್ಕೆ ಮಂಜುನಾಥ ತನ್ನ ಅಣ್ಣ ಪ್ರಕಾಶನನ್ನು ಮನೆಗೆ ಹೋಗಿ ಕುಂಕುಮ ಅಕ್ಷತೆ ಕೊಟ್ಟು ಕರೆದಿರಲಿಲ್ಲ. ಊರಿಗೆಲ್ಲ ಕಳಿಸಿದ ವಾಟ್ಸ್ಆ್ಯಪ್ ಅನ್ನೇ ಅವನಿಗೂ ತಳ್ಳಿದ್ದ. ಹತ್ತಿರದ ವಾರೆನ್‌ನಲ್ಲೇ ಇರುವ ಅಣ್ಣ ಬರಲಿಲ್ಲ. ಅಂದಿನಿಂದ ಮಾತೂ ಇಲ್ಲ. ಈಗ ಮಗಳು ಇಳಾಳ ಮದುವೆ ಹತ್ತಿರ ಬಂದಿದೆ. ದೊಡ್ಡಪ್ಪ ಬರದಿದ್ದರೆ ತಾನು ಮಂಟಪಕ್ಕೇ ಬರುವುದಿಲ್ಲ ಎಂದು ಅವಳು ಕೂತಿದ್ದಾಳೆ.

ಆಂಟಿ ಬಿಡದೆ ಅವನನ್ನು ತಮ್ಮ ಕಾರಿಗೆ ಹತ್ತಿಸಿಕೊಂಡು ಹೊರಟರು. ದಾರಿಯಲ್ಲಿ ಮಂಜುನಾಥ ಆವಿ ಹಿಡಿದ ಕನ್ನಡಕ ತೆಗೆದು ಆಂಟಿಯ ಸ್ಟಿಯರಿಂಗ್ ಪಕ್ಕದಲ್ಲಿಟ್ಟ. ಇಳಿಯುವಾಗ ಹುಡುಕಿದರೆ ಇಲ್ಲ. “ನಡಿಯಪ್ಪ, ಶುರುವಾಗತ್ತೆ” ಎಂದು ಆಂಟಿ ಅವಸರಪಡಿಸಿದರು. ಅವರು ತೋರಿಸಿದ ಸೀಟಿನ ಪಕ್ಕದಲ್ಲಿ, ಅವರೇ ಮೊದಲೇ ಹೇಳಿ ಕರೆಸಿದ್ದ ಪ್ರಕಾಶ ಕೂತಿದ್ದ.

ಪರದೆಯ ಮೇಲೆ ಇಬ್ಬರು ಗಂಡಸರು ದೋಣಿಗೆ ಟಾರು ಬಳಿಯುತ್ತ ಜಗಳವಾಡುತ್ತಿದ್ದರು. ಕೆಳಗಿನ ಇಂಗ್ಲಿಷ್ ಅಕ್ಷರಗಳು ಮಂಜುನಾಥನಿಗೆ ಇರುವೆ ಸಾಲು. ಎಷ್ಟು ಹೊತ್ತು ಕಣ್ಣು ಕಿರಿದು ಮಾಡಿಯಾನು? ಕೊನೆಗೆ ಪಕ್ಕಕ್ಕೆ ವಾಲಿದ.

“ಏನಂತಾನೆ ಅವನು?”

ಪ್ರಕಾಶ ಪರದೆಯಿಂದ ಕಣ್ಣು ತೆಗೆಯಲಿಲ್ಲ. “‘ಕರೆಯೋಕೆ ಮನೆಗೆ ಬರ್ಬೇಕಿತ್ತು’ ಅಂತಾನೆ.”

“ಸ್ಪೇನ್‌ನಲ್ಲೂ ವಾಟ್ಸ್ಆ್ಯಪಾ?”

“ಬುದ್ಧಿ ಇಲ್ದಿರೋ ತಮ್ಮಂದಿರು ಎಲ್ಲಾ ಕಡೆ ಇರ್ತಾರೆ.”

“ಅದಕ್ಕೆ ತಮ್ಮ ಏನಂದ?”

“ಇನ್ನೂ ಏನೂ ಅಂದಿಲ್ಲ. ಕಾಯ್ತಾ ಇದೀನಿ.”

ಪರದೆಯ ತಮ್ಮ ಬ್ರೆಡ್ಡು ಅಗಿಯುತ್ತಿದ್ದ. ಮಂಜುನಾಥ ಇನ್ನಷ್ಟು ವಾಲಿದ.

“ತಪ್ಪಾಯ್ತಣ್ಣ ಅಂದ ಅಂತ ಇಟ್ಕೋ.”

ಪ್ರಕಾಶ ಪರದೆ ಬಿಟ್ಟು ತಮ್ಮನ ಕಡೆ ತಿರುಗಿದ. “ಭಾನುವಾರ ಮನೇಲಿರ್ತೀನಿ. ಕುಂಕುಮ ಮರೀಬೇಡ.”

ವಾಪಸು ಬರುವಾಗ ಆಂಟಿ ಬ್ಯಾಗಿನಿಂದ ಕನ್ನಡಕ ತೆಗೆದುಕೊಟ್ಟರು. “ಕಾರಲ್ಲಿ ಬಿದ್ದಿತ್ತಪ್ಪ.” ಬಿದ್ದಿದ್ದ ಕನ್ನಡಕ ತನ್ನನ್ನು ತಾನೇ ಒರೆಸಿಕೊಂಡು, ಕರವಸ್ತ್ರ ಸುತ್ತಿಕೊಂಡು, ಬ್ಯಾಗಿನ ಜಿಪ್ಪನ್ನೂ ಎಳೆದುಕೊಂಡಿತ್ತು. ವ್ಯಾಪಾರ ಬಲ್ಲ ಮಂಜುನಾಥ ಅದನ್ನು ಹಾಕಿಕೊಂಡು “ಥ್ಯಾಂಕ್ಸ್ ಆಂಟಿ” ಎಂದ.

ಇಳಾಳ ಧಾರೆಗೆ ದೊಡ್ಡಪ್ಪ ಎಲ್ಲರಿಗಿಂತ ಮೊದಲೇ ಬಂದು, ಹೂವಿನವನ ಜೊತೆ ಜಗಳವನ್ನೂ ಆಡಿದ. ಮಂಜುನಾಥನಿಗೆ ಅಣ್ಣನನ್ನು ವಾಪಸು ಕೊಟ್ಟವರು ಪ್ರಭಾವತಿ ಆಂಟಿ. ಆ ಋಣ ಅವನ ಮೇಲಿದೆ.