ಜಾಬರ್ ಹೇಳಿದ ಕೊನೆಯ ಸರದಾರ

ಬೋರಗಾಂವದ ನಮ್ಮ ಪಾವರಲೂಮ್ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಒಬ್ಬರಿದ್ದರು. ಕರೆಂಟ್ ಹೋದಾಗಷ್ಟೇ ಕತೆ ಹೇಳುತ್ತಿದ್ದರು, ಯಾವಾಗಲೂ ಅದೊಂದೇ ಕತೆ. ನಕ್ಷತ್ರಗಳ ನಡುವೆ ಹರಡಿದ್ದ ಸಾಮ್ರಾಜ್ಯವೊಂದು ಮುಳುಗುತ್ತಿದೆ. ಅದರ ಕೊನೆಯ ಸರದಾರ ಸೈನಿಕರೊಂದಿಗೆ ಆಕಾಶನೌಕೆಯಲ್ಲಿ ವೈರಿಗಳ ನಡುವೆ ಸಿಕ್ಕಿಬಿದ್ದಿದ್ದಾನೆ. ಕತೆಯಲ್ಲಿ ಯುದ್ಧ ಬಂದಾಗ ಜಾಬರ್ ಕಿವಿಯ ಮೇಲಿನ ಬೀಡಿ ಮುಟ್ಟಿ ನೋಡುವರು, ಹಚ್ಚುತ್ತಿರಲಿಲ್ಲ.

“ಮಾಮಾ, ಸರದಾರನ್ನ ಗೆಲ್ಲಸ್ರಿ,” ಎನ್ನುತ್ತಿದ್ದೆ.

“ರಾಜ್ಯನ ಮುಳಗಾಕತ್ತೈತಿ, ಗೆದ್ದ ಏನ ಮಾಡಾಂವಲೇ? ಮೊದ್ಲ ಮಂದೀನ ನೋಡ್ಬೇಕ.” ಪ್ರತಿ ಸಲ ಇದೇ ಮಾತು.

ಶೆಡ್ ಕಾಯಂ ಆಗಿ ಮುಚ್ಚುವ ದಿನ ಬಂತು. ಜಾಬರ್ ನಮಗೆಲ್ಲ ಇಚಲಕರಂಜಿಯ ಮಗ್ಗಗಳಲ್ಲಿ ಕೆಲಸ ಹೇಳಿಟ್ಟಿದ್ದರು, ತಮಗೆ ನೋಡಿಕೊಂಡಿರಲಿಲ್ಲ. ಕತೆ ಮುಗಿದಿರಲಿಲ್ಲ, ಅಂದೇ ಕರೆಂಟ್ ಹೋಗಲೊಲ್ಲದು. ಮಧ್ಯಾಹ್ನ ಅವರೇ ಮೇನ್ ಸ್ವಿಚ್ ಇಳಿಸಿದರು.

ಸರದಾರ ಸೈನಿಕರನ್ನೆಲ್ಲ ಸಣ್ಣ ನೌಕೆಗಳಲ್ಲಿ ಊರಿಗೆ ಕಳಿಸಿ, ದೊಡ್ಡ ನೌಕೆಯಲ್ಲಿ ತಾನೊಬ್ಬನೇ ಉಳಿದನಂತೆ.

“ಆಮ್ಯಾಲ ಏನ್ ಮಾಡಿದಾ, ಮಾಮಾ?”

“ಇಂಜಿನ್ ಬಂದ್ ಮಾಡ್ಲಿಲ್ಲಾ. ನೌಕಾ ತುಂಬೇತಿ ಅಂತ ವೈರಿ ತಿಳೀಬೇಕಲ್ಲ. ಅಷ್ಟರಾಗ ಹುಡುಗ್ರು ಮನಿ ಮುಟ್ಟತಾರ.”

ಸ್ವಿಚ್ ಮೇಲೆತ್ತಿದರು. ಪಾಳಿ ಮುಗಿಸಿ, ಜಾಬರ್‌ಗೆ ಕೈಮುಗಿದು, ಉಳಿದವರೆಲ್ಲ ಹೊರಬಿದ್ದೆವು. ಓಣಿ ದಾಟಿ ದೊಡ್ಡ ರಸ್ತೆಗೆ ಬಂದರೂ ಹಿಂದಿನಿಂದ ಮಗ್ಗಗಳ ಸದ್ದು ಕೇಳುತ್ತಲೇ ಇತ್ತು. ಒಳಗೆ ಜಾಬರ್ ಒಬ್ಬರೇ ಇದ್ದರು.