ಮುತ್ತಲಕೊಪ್ಪ ಸಮಾಚಾರದ ತಿದ್ದುಪಡಿ

ಹೋದ ವಾರ ಒಬ್ಬ ತರುಣ ಉಪನ್ಯಾಸಕರು ಶಿಗ್ಗಾಂವಿಯ ನಮ್ಮ ಮನೆಗೆ ಬಂದಿದ್ದರು. ಹಳೆಯ ಕಾಲದ ಕೈಬರಹದ ಪತ್ರಿಕೆಗಳ ಬಗ್ಗೆ ಏನೋ ಬರೆಯುತ್ತಿದ್ದಾರಂತೆ, ಯಾರೋ ನನ್ನ ಹೆಸರು ಹೇಳಿದ್ದಾರೆ. ಹೊಗಳಿಸಿಕೊಳ್ಳುವ ಚಟ ಈ ವಯಸ್ಸಿಗೂ ಬಿಟ್ಟಿಲ್ಲ ನೋಡಿ, ಮೊಣಕಾಲು ನೋವು ಮರೆತು ಅಟ್ಟದ ಮೇಲಿನ ಟ್ರಂಕನ್ನು ನಾನೇ ಇಳಿಸಿದೆ. ಮುಚ್ಚಳ ತೆಗೆದೊಡನೆ ಡಾಂಬರು ಗುಳಿಗೆಯ ಘಾಟು, ಅದರ ಹಿಂದೆಯೇ ಒಣಗಿದ ವೀಳ್ಯದೆಲೆಯ ವಾಸನೆ ಬಂತು. ಐವತ್ತು ವರ್ಷ ಕಳೆದರೂ ಸವಣೂರಿನ ಎಲೆಯ ವಾಸನೆ ಆ ಕಾಗದಗಳನ್ನು ಬಿಟ್ಟಿಲ್ಲ. ಅಥವಾ ನನ್ನ ಮೂಗನ್ನು ಬಿಟ್ಟಿಲ್ಲವೋ ಏನೋ.

ಅವರು ಕಡತವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಹಾಳೆ ತಿರುವಿದರು. ಒಂದು ಕಡೆ ನಿಂತು ಗಹಗಹಿಸಿ ನಕ್ಕರು. "ಸರ್, ಏನ್ ಹಾಸ್ಯ ರೀ ಇದು! ಹನ್ನೆರಡು ವರ್ಷದ ಹುಡುಗ ಬರದದ್ದಂದ್ರ ಯಾರೂ ನಂಬೂದಿಲ್ಲ" ಎಂದರು. ಅವರ ಬೆರಳು ಎಲ್ಲಿದೆ ಎಂದು ಬಗ್ಗಿ ನೋಡಿದೆ. ನೋಡಿದ್ದೇ ತಡ, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು. ಅವರ ಕೈಯಿಂದ ಕಡತ ಕಿತ್ತುಕೊಂಡು ಟ್ರಂಕಿನಲ್ಲಿ ಹಾಕಿ ಮುಚ್ಚಳ ಬಡಿದೆ. "ಚಾ ಆರತೈತಿ, ಕುಡೀರಿ" ಎಂದೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಅವರು ತಿಳಿದುಕೊಂಡಿರಬೇಕು. ಪಾಪ, ಅವರದೇನೂ ತಪ್ಪಿಲ್ಲ. ಅಲ್ಲಿ ನಗಬೇಕು ಎಂದೇ ನಾನು ಅದನ್ನು ಬರೆದಿದ್ದೆ.

ಸಿಟ್ಟು ಯಾಕೆ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಆದರೆ ಮೊದಲು ಆ ಊರಿನ ಸುದ್ದಿ ಹೇಳಬೇಕು.

ನನ್ನ ಅಪ್ಪ ಒಬ್ಬ ಸಾವಕಾರರ ಅಂಗಡಿಯಲ್ಲಿ ಗುಮಾಸ್ತ. ಸಾವಕಾರರಿಗೆ ಎಲೆ ಮತ್ತು ಅರಳೆಯ ವ್ಯಾಪಾರ, ನಾಲ್ಕು ಊರಲ್ಲಿ ನಾಲ್ಕು ಅಂಗಡಿ. ಅವರು ಯಾವ ಊರಿಗೆ ಹೋಗು ಎನ್ನುತ್ತಾರೋ ಆ ಊರಿಗೆ ನಾವು ಪಾತ್ರೆ ಪಗಡೆ ಕಟ್ಟಿಕೊಂಡು ಚಕ್ಕಡಿ ಹತ್ತಬೇಕು. ಹಾನಗಲ್ಲಿನಲ್ಲಿ ಹುಟ್ಟಿದೆ, ಶಿಗ್ಗಾಂವಿಯಲ್ಲಿ ನನ್ನ ಹಾಲುಹಲ್ಲು ಬಿದ್ದವು, ಹಿರೇಕೆರೂರಿನಲ್ಲಿ ಈಜು ಕಲಿತೆ, ಸವಣೂರಿನಲ್ಲಿ ಮೀಸೆ ಯಾವಾಗ ಬಂದೀತೆಂದು ಕನ್ನಡಿ ನೋಡುತ್ತ ಕುಳಿತೆ. ಗೆಳೆಯನೊಬ್ಬನ ಜೊತೆ ಜಗಳವಾಡಿದರೆ ರಾಜಿಯಾಗುವ ಮೊದಲೇ ಊರು ಬದಲು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕನಿಗೆ ಇದು ಇನ್ನೂ ಕಷ್ಟ. ಹೆಣ್ಣುಮಕ್ಕಳ ಶಾಲೆ ಒಂದೂರಲ್ಲಿ ಇದ್ದರೆ ಇನ್ನೊಂದೂರಲ್ಲಿ ಇರುತ್ತಿರಲಿಲ್ಲ.

ಶಿಗ್ಗಾಂವಿ ಬಿಡುವ ಹಿಂದಿನ ದಿನ ಅಕ್ಕ ಗಂಟುಗಳ ಮೇಲೆ ಕುಳಿತು ಹೇಳಿದಳು: "ನಾವ ಒಂದ್ ಊರು ಮಾಡೂಣು. ಅಲ್ಲಿಂದ ಯಾರೂ ನಮ್ಮನ್ನ ಎಬ್ಬಿಸಿ ಕಳಸಬಾರ್ದು."

ಊರು ಮಾಡುವುದೆಂದರೆ ನಾನು ಮಣ್ಣು, ಕಲ್ಲು, ಕಡ್ಡಿ ತಂದೆ. ಅಕ್ಕ ನಕ್ಕಳು. ಊರಿಗೆ ಮನೆ ಯಾಕೆ, ಸುದ್ದಿ ಇದ್ದರೆ ಸಾಕು ಎಂಬುದು ಅವಳ ಲೆಕ್ಕ. ಅಂಗಡಿಗೆ ಪೊಟ್ಟಣ ಕಟ್ಟಲು ರದ್ದಿ ಪತ್ರಿಕೆಗಳ ಕಟ್ಟು ಬರುತ್ತಿತ್ತು. ತಿಂಗಳುಗಟ್ಟಲೆ ಹಳೆಯವು. ಅವನ್ನು ನಾವು ಜಾಹೀರಾತು ಸಹಿತ ಓದುತ್ತಿದ್ದೆವು. ಹಾಗೆ ಹುಟ್ಟಿದ್ದು ಮುತ್ತಲಕೊಪ್ಪ ಎಂಬ, ಯಾವ ನಕ್ಷೆಯಲ್ಲೂ ಇಲ್ಲದ ಊರು, ಮತ್ತು ಅದರ ಪತ್ರಿಕೆ 'ಮುತ್ತಲಕೊಪ್ಪ ಸಮಾಚಾರ'. ಅಂಗಡಿಯ ಹಳೆಯ ಪಟ್ಟಿಗಳ ಹಿಂಬದಿ ನಮ್ಮ ಕಾಗದ. ಪ್ರತಿ ಸಂಚಿಕೆಗೂ ಎರಡು ಪ್ರತಿ. ಒಂದು ಓದುಗರಿಗೆ, ಒಂದು ಕಚೇರಿಗೆ. ಕಚೇರಿ ಎಂದರೆ ಈ ಟ್ರಂಕು.

ಆ ಊರಿನಲ್ಲಿ ನಮ್ಮಿಬ್ಬರಿಗೂ ಒಬ್ಬೊಬ್ಬರು ಸ್ವಂತ ಮನುಷ್ಯರಿದ್ದರು. ನನ್ನವನು ಪೈಲ್ವಾನ ಹುಚ್ಚಪ್ಪ, ಒಂದೇ ಊಟಕ್ಕೆ ಹದಿನಾರು ರೊಟ್ಟಿ ತಿನ್ನುವವನು. ನನ್ನ ಕಲ್ಪನೆ ಹೊಟ್ಟೆ ಬಿಟ್ಟು ಮೇಲೆ ಏರುತ್ತಿರಲಿಲ್ಲ. ಅಕ್ಕನವಳು ಗಂಗಾಬಾಯಿ, ಹೆಣ್ಣುಮಕ್ಕಳ ಶಾಲೆಯ ಮುಖ್ಯ ಬಾಯಿಯವರು, ಅಂದರೆ ಮುಖ್ಯ ಶಿಕ್ಷಕಿ. ಗಂಗಾಬಾಯಿಗೆ ವರ್ಗವಾಗುವುದಿಲ್ಲ, ಆಕೆ ಯಾರಿಗೂ ಹೆದರುವುದಿಲ್ಲ, ಪುರಸಭೆಯ ಅಧ್ಯಕ್ಷರು ಎದುರು ಬಂದರೂ ತಾನೇ ಮೊದಲು ಮಾತಾಡುತ್ತಾಳೆ.

ಎಲ್ಲಕ್ಕಿಂತ ಅಕ್ಕನಿಗೆ ಇಷ್ಟವಾದದ್ದು ಕೊನೆಯ ಪುಟದ ಮೂಲೆ, ತಿದ್ದುಪಡಿ. 'ಅಧ್ಯಕ್ಷರ ಎಮ್ಮೆ ಎರಡು ಕರು ಹಾಕಿತೆಂದು ಹೋದ ಸಂಚಿಕೆಯಲ್ಲಿ ಬರೆದದ್ದು ತಪ್ಪು. ಹಾಕಿದ್ದು ಒಂದು. ಇನ್ನೊಂದು ಪಕ್ಕದ ಮನೆಯ ಎಮ್ಮೆಯದು.' ಇಲ್ಲದ ಊರಿಗೆ ತಿದ್ದುಪಡಿ ಯಾಕೆ ಎಂದು ನಾನು ಒಮ್ಮೆ ಕೇಳಿದ್ದೆ. "ಸುಳ್ಳು ಹೇಳಾವ್ರು ಎಂದಾದ್ರು ತಪ್ಪಾತು ಅಂತಾರೇನು? ತಿದ್ದಿದ್ರನ ಊರು ಖರೇ ಅನಸತೈತಿ" ಎಂದಳು. ಹದಿಮೂರು ವರ್ಷದ ಹುಡುಗಿಗೆ ತಿಳಿದಿದ್ದ ಈ ಗುಟ್ಟು ನನಗೆ ಪೂರ್ತಿ ತಿಳಿಯಲು ತಲೆ ಹಣ್ಣಾಗಬೇಕಾಯಿತು.

ನಾವು ಸವಣೂರಿನಲ್ಲಿದ್ದಾಗ ಅಕ್ಕನ ಮದುವೆಯಾಯಿತು. ಅವಳಿಗೆ ಹದಿನಾರು. ಸಂಬಂಧ ತಂದವರು ಸಾವಕಾರರೇ. ಗಂಡಿನ ಮನೆ ಚಿಕ್ಕೇರೂರಿನಲ್ಲಿ, ಸಾವಕಾರರ ಹೆಂಡತಿಯ ತವರುಮನೆಯೇ ಅದು. ಹೊಲ, ದನ, ದೊಡ್ಡ ಪಡಸಾಲೆ. ಗುಮಾಸ್ತನ ಮಗಳಿಗೆ ಅಂಥ ಮನೆ ಸಿಕ್ಕಿತೆಂದು ಊರೆಲ್ಲ ಅಪ್ಪನ ಬೆನ್ನು ತಟ್ಟಿತು. ಸಾವಕಾರರ ಮಾತಿಗೆ ಇಲ್ಲ ಎನ್ನುವ ಅಭ್ಯಾಸ ಅಪ್ಪನಿಗೆ ಇರಲಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ.

ಅಲ್ಲಿ ಸೊಸೆಯಂದಿರು ಬರೆದ ಪತ್ರವನ್ನು ಮಾವ ಓದಿಯೇ ಟಪಾಲಿಗೆ ಹಾಕಬೇಕು. ಅಕ್ಕ ಪತ್ರ ಬರೆಯಲಿಲ್ಲ. ತಮ್ಮನ ಜೊತೆ ಆಡುವ ಆಟ ಎಂದು ಹೇಳಿ ಪತ್ರಿಕೆ ಬರೆದಳು. ಮಾವ ಒಂದೆರಡು ಸಂಚಿಕೆ ಓದಿ ನಕ್ಕರಂತೆ. ಆಮೇಲೆ ಬರೀ ಕಣ್ಣಾಡಿಸಿ, "ನಮ್ಮ ಮನಿತನದ ಹೆಸರಿಲ್ಲಲ್ಲ? ಹಂಗಾರ ಕಳಸು" ಎನ್ನುತ್ತಿದ್ದರಂತೆ. ಸಾವಕಾರರ ಅಂಗಡಿಗೆ ಹೋಗುವ ಅವರ ಲಕೋಟೆಯಲ್ಲೇ ಅದೂ ಸವಣೂರಿಗೆ ಬರುತ್ತಿತ್ತು. ಲಕೋಟೆ ಒಡೆಯುವವರು ಅಪ್ಪ. ಅಂದರೆ ನಮ್ಮ ಮನೆಯಲ್ಲಿ ಅದನ್ನು ಮೊದಲು ಓದುವವರೂ ಅಪ್ಪನೇ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಮಾವಾಸ್ಯೆಗೆ ಅಂಗಡಿ ಬಂದ್. ಅವತ್ತು ಮಧ್ಯಾಹ್ನ ಊಟವಾದ ಮೇಲೆ ನಾನು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಅವ್ವ ಅಡಿಕೆ ಕತ್ತರಿಸುತ್ತ ಕೇಳುವುದು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಮಗಳ ಮಾತು ಅವಳಿಗೆ ಮುಟ್ಟಬೇಕಾದರೆ ನನ್ನ ಬಾಯಿಂದಲೇ ಮುಟ್ಟಬೇಕು. ನಾನೋ ದೊಡ್ಡ ನಾಟಕದವನು! ಮುತ್ತಲಕೊಪ್ಪದ ಹವಾಲ್ದಾರನ ಗೊರಕೆ, ಅಧ್ಯಕ್ಷರ ಕೆಮ್ಮು ಎಲ್ಲವನ್ನೂ ಅಭಿನಯಿಸಿ, ಅವ್ವ ನಕ್ಕಾಗ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಕೊನೆಯ ಮೂಲೆಯ ತಿದ್ದುಪಡಿಯಲ್ಲಿ ಈಗ ಮೊದಲಿನಂತೆ ನಗುವಂಥದ್ದು ಇರುತ್ತಿರಲಿಲ್ಲ. ಅದನ್ನು ಬಿಟ್ಟುಬಿಡುತ್ತಿದ್ದೆ.

ಮೂರನೆಯ ತಿಂಗಳು ಬಂದ ಸಂಚಿಕೆಯಲ್ಲಿ 'ಗಂಗಾಬಾಯಿಯವರು ಈ ವಾರ ಎರಡು ದಿನ ಉಪವಾಸ ಮಾಡಿದರು, ಒಲೆಯಿಂದ ಅವರ ಕೈ ಸುಟ್ಟಿತು' ಎಂಬ ಸುದ್ದಿ ಇತ್ತು. "ಭಾಳ ದೈವಭಕ್ತಿ ಆಕೀಗೆ" ಎಂದು ಅವ್ವ ಮೆಚ್ಚಿಕೊಂಡಳು. ಮುಂದಿನ ತಿಂಗಳ ಮೂಲೆಯಲ್ಲಿ ಅಕ್ಕ ಹೀಗೆ ಬರೆದಿದ್ದಳು: 'ತಿದ್ದುಪಡಿ. ಗಂಗಾಬಾಯಿಯವರು ಉಪವಾಸ ಮಾಡಿದರೆಂದು ಬರೆದದ್ದು ತಪ್ಪು. ಅವರಿಗೆ ಊಟ ಕೊಡಲಿಲ್ಲ. ಒಲೆಯಿಂದ ಕೈ ಸುಟ್ಟಿತೆಂದು ಬರೆದದ್ದೂ ತಪ್ಪು. ಒಲೆ ತಾನಾಗಿ ಸುಡುವುದಿಲ್ಲ.'

ನಾನು ಅದನ್ನು ಓದಿದೆ. ಮನಸ್ಸಿನಲ್ಲಿ ಓದಿದೆ. ಅರ್ಥವಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಯ್ಯೋ, ಊಟ ಕೊಡಲಿಲ್ಲ ಎಂಬ ಎರಡು ಶಬ್ದದಲ್ಲಿ ಅರ್ಥವಾಗದಿರಲು ಏನಿದೆ? ಹನ್ನೆರಡು ವರ್ಷದವನಿಗೆ ಹಸಿವು ಗೊತ್ತಿಲ್ಲವೇ? ಅದು ಆಟ ಎಂದುಕೊಳ್ಳುವುದು ನನಗೆ ಹಿತವಾಗಿತ್ತು, ಅಷ್ಟೇ. ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಸವಣೂರಿನಿಂದ ಅಕ್ಕನಿಗೆ ಹೋಗುವ ಮುಂದಿನ ಸಂಚಿಕೆ ನನ್ನ ಪಾಳಿ. ಓದುಗರ ಪತ್ರ ಎಂಬ ತಲೆಬರಹ ಕೊಟ್ಟು ಹೀಗೆ ಬರೆದೆ: 'ಗಂಗಾಬಾಯಿಯವರಿಗೆ ಊಟ ಬೇಡವಾದಲ್ಲಿ ಅವರ ಪಾಲಿನ ರೊಟ್ಟಿಗಳನ್ನು ನನ್ನ ವಿಳಾಸಕ್ಕೆ ಕಳುಹಿಸಬೇಕಾಗಿ ವಿನಂತಿ. ಇಂತಿ, ಪೈಲ್ವಾನ ಹುಚ್ಚಪ್ಪ.' ಬರೆದು ನಾನೇ ಬಿದ್ದು ಬಿದ್ದು ನಕ್ಕೆ. ಚಿಕ್ಕೇರೂರಿಗೆ ಕಳಿಸಿದೆ.

ಆ ಉಪನ್ಯಾಸಕರ ಬೆರಳು ನಿಂತದ್ದು ಈ ಪತ್ರದ ಮೇಲೆ.

ಅಕ್ಕನಿಂದ ಆಮೇಲೆ ಸಂಚಿಕೆ ಬರಲಿಲ್ಲ. ಶ್ರಾವಣ ಬಂತು, ಪಂಚಮಿಗೆ ಮಾವ, ಅಂದರೆ ಅವ್ವನ ತಮ್ಮ, ಹೋಗಿ ಅಕ್ಕನನ್ನು ಕರೆತಂದ. ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಅಕ್ಕ ಜೋಕಾಲಿಯ ಕಡೆ ನೋಡಲಿಲ್ಲ. ಕೈಯ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ತಲೆ ಎತ್ತದೆ ಉಂಡಳು. ಉಂಡು ಕೈ ತೊಳೆಯಲು ಎದ್ದಾಗ ಅವಳ ಸೆರಗಿನ ಗಂಟು ಅವ್ವನ ಕಣ್ಣಿಗೆ ಬಿತ್ತು. ಅವ್ವ ಗಂಟು ಬಿಚ್ಚಿದಳು. ಒಳಗೆ ಅರ್ಧ ಜೋಳದ ರೊಟ್ಟಿ.

"ಇದೇನವಾ, ನಿನ್ನ ಮನ್ಯಾಗ ನೀ ಕದ್ದಿಡತಿ?" ಎಂದಳು ಅವ್ವ.

ಅಕ್ಕ ಅಳಲಿಲ್ಲ. "ಎಲ್ಲಾ ಬರದಿದ್ನೆಲ್ಲಬೇ. ಓದಿ ಹೇಳಲಿಲ್ಲೇನು?" ಎಂದಳು.

ಅವ್ವ ನನ್ನ ಕಡೆ ತಿರುಗಿದಳು. ಟ್ರಂಕು ತೆರೆಸಿದಳು. "ಓದು. ಎಲ್ಲಾ ಓದು. ಒಂದ್ ಅಕ್ಷರ ಬಿಟ್ರ ನೋಡು." ತಿದ್ದುಪಡಿಗಳನ್ನು ನಾನು ಮೊದಲ ಸಲ ಗಟ್ಟಿಯಾಗಿ ಓದಿದೆ. ಅವ್ವ ಅಕ್ಕನ ಅಂಗೈ ತಿರುಗಿಸಿ ಹಿಡಿದುಕೊಂಡು ಕೇಳಿದಳು. ಸುಟ್ಟ ಕಲೆ ಅಲ್ಲಿತ್ತು. ಕಡತದಲ್ಲಿ ಮುಂದಿನ ಹಾಳೆ ನನ್ನ ಪೈಲ್ವಾನನ ಪತ್ರ. ಅದನ್ನು ಮಾತ್ರ ನಾನು ಎರಡು ಹಾಳೆ ಒಟ್ಟಿಗೆ ತಿರುವಿ ದಾಟಿಸಿದೆ. ಅಕ್ಕ ನೋಡುತ್ತಿದ್ದಳು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅವ್ವ ಎದ್ದು ಅವರೆದುರು ಹೋದಳು. "ಈ ಮನ್ಯಾಗ ಓದಾಕ ಬರೋ ಗಂಡಸರು ಇಬ್ರದೀರಿ. ನನ್ನ ಕೂಸು ತಿಂಗಳಾನುಗಟ್ಟಲೆ ಒದರಿಕೊಂಡೈತಿ. ಒಬ್ರಿಗರ ನನಗ ಹೇಳಬೇಕಂತ ಅನಸಲಿಲ್ಲೇನ್ರಿ?"

"ಸಾವಕಾರ್ರ ಬೀಗರು ಅವರು. ನಾ ಏನ್ ಮಾಡ್ಲಿ ಹೇಳು" ಎಂದರು ಅಪ್ಪ.

"ಏನೂ ಮಾಡಬ್ಯಾಡ್ರಿ. ಇಷ್ಟ್ ದಿನಾನೂ ಅದನ್ನ ಮಾಡೀರಿ."

ಅಪ್ಪ ಒಳ್ಳೆಯವರು ಎಂದು ನಾಲ್ಕೂ ಊರಿನವರು ಹೇಳುತ್ತಿದ್ದರು. ಇರಬಹುದು. ನನಗೆ ಅವರ ಮೇಲಿನ ಸಿಟ್ಟು ಅವರು ಮಣ್ಣಾಗಿ ಇಷ್ಟು ವರ್ಷವಾದರೂ ಆರಿಲ್ಲ. ಪ್ರತಿ ತಿಂಗಳು ಲಕೋಟೆ ಒಡೆದು, ಮಗಳ ಹಸಿವನ್ನು ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಬಂದು, ಮಗ ಅದನ್ನು ನಾಟಕ ಮಾಡಿ ಓದುವಾಗ ಎದುರು ಕುಳಿತು ಎಲೆ ಹಾಕಿಕೊಳ್ಳುತ್ತಿದ್ದರಲ್ಲ! ಆದರೆ ಅವರನ್ನು ಬೈಯುವಾಗಲೆಲ್ಲ ಆ ಎರಡು ಹಾಳೆ ನೆನಪಾಗಿ ನನ್ನ ಬಾಯಿ ಕಟ್ಟುತ್ತದೆ. ಅಪ್ಪ ಸುಮ್ಮನಿದ್ದರು. ನಾನು ನಕ್ಕಿದ್ದೆ.

ಅವ್ವ ಅಕ್ಕನನ್ನು ತಿರುಗಿ ಕಳಿಸಲಿಲ್ಲ. ಚಿಕ್ಕೇರೂರಿನವರು ಎರಡು ಸಲ ಬಂದರು, ಹಿರಿಯರನ್ನು ಕೂಡಿಸಿದರು. ಅವ್ವ ಪಡಸಾಲೆಯ ಹೊಸ್ತಿಲ ಮೇಲೆ ಕುಳಿತು, "ಒಳಗ ಬರ್ರಿ, ಊಟ ಮಾಡ್ರಿ, ಹೋಗ್ರಿ. ಹುಡುಗಿ ಬರೂದಿಲ್ಲ" ಎಂದಷ್ಟೇ ಹೇಳಿದಳು. ಅಪ್ಪನ ಕೆಲಸ ಹೋಯಿತು. ಹಾನಗಲ್ಲಿಗೆ ಬಂದು ಕಿರಾಣಿ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟಿದರು. ಅಕ್ಕ ಹೊಲಿಗೆ ಕಲಿತಳು. ಗಂಗಾಬಾಯಿಯಂತೆ ಶಾಲೆಯ ಬಾಯಿಯವರಾಗಲಿಲ್ಲ. ಆಗಬೇಕೆಂದು ಕೇಳಿದಾಗ ಗಂಡ ಬಿಟ್ಟವಳಿಗೆ ಮಕ್ಕಳನ್ನು ಒಪ್ಪಿಸುವುದು ಹೇಗೆ ಎಂದು ದೊಡ್ಡ ಮನುಷ್ಯರು ತಲೆ ಕೆರೆದುಕೊಂಡರು. ಬಿಟ್ಟವಳು ಇವಳೋ ಅವನೋ ಎಂದು ವಿಚಾರಿಸುವ ಪುರುಸೊತ್ತು ಅವರಿಗಿರಲಿಲ್ಲ.

ಉಪನ್ಯಾಸಕರು ಹೋದ ಮೇಲೆ ಎರಡು ದಿನ ನನಗೆ ಊಟ ರುಚಿಸಲಿಲ್ಲ. ಮೂರನೆಯ ದಿನ ಒಂದು ಹಾಳೆ ತೆಗೆದು ಬರೆದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಶಿಗ್ಗಾಂವಿಯಿಂದ ಬಸ್ಸು ಹತ್ತಿ ಹಾನಗಲ್ಲಿಗೆ ಹೋದೆ. ಅಕ್ಕ ಕಿಟಕಿಯ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಈಗಲೂ ಕುಬಸ ಹೊಲಿಯುತ್ತಾಳೆ. "ಕುಂಡ್ರು. ಏನ್ ಸುದ್ದಿ?" ಎಂದಳು.

ಹಾಳೆ ಕೊಟ್ಟೆ. ಕನ್ನಡಕ ಸರಿ ಮಾಡಿಕೊಂಡು ಗಟ್ಟಿಯಾಗಿ ಓದಿದಳು: 'ತಿದ್ದುಪಡಿ. ಗಂಗಾಬಾಯಿಯವರ ಊಟದ ಬಗ್ಗೆ ಪೈಲ್ವಾನ ಹುಚ್ಚಪ್ಪನವರು ಬರೆದ ಪತ್ರವನ್ನು ವಿಚಾರ ಮಾಡದೆ ಪ್ರಕಟಿಸಿದ್ದಕ್ಕೆ ಪತ್ರಿಕೆ ವಿಷಾದಿಸುತ್ತದೆ.'

ಐವತ್ತು ವರ್ಷದಲ್ಲಿ ಆ ಪತ್ರದ ಮಾತು ನಮ್ಮಿಬ್ಬರ ನಡುವೆ ಬಂದದ್ದು ಇದೇ ಮೊದಲು. ಅಕ್ಕ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

"ಯಾವ ಪೈಲ್ವಾನ?" ಎಂದಳು. "ಆತ ಎಲ್ಲಿದ್ದ? ಬರದಾವ ನೀನು. ವಿಷಾದ ಗಿಷಾದ ಎಲ್ಲಾ ತಗಿ. ಅವ್ವ ಓದು ಅಂದಾಗ ಎರಡು ಹಾಳಿ ಕೂಡಿಸಿ ತಿರುವಿದೆಲ್ಲ, ಅದನ್ನೂ ಬರಿ."

"ಬರೀತೇನಿ" ಎಂದೆ.

"ಮತ್ತ ಗಂಗಾಬಾಯಿ ಅನ್ನೂದನ್ನೂ ತಗಿ. ಆಕೀ ಎಂದೂ ಹಸದಿರಲಿಲ್ಲ."

ಅವಳ ಎದುರಿಗೇ ಕುಳಿತು ಬೇರೆ ಹಾಳೆಯ ಮೇಲೆ ಬರೆದೆ. ಮೊದಲು ನನ್ನ ಹೆಸರು ಹಾಕಿದೆ. ನಾನು ಓದಿದೆ, ನಕ್ಕೆ, ಅವ್ವನಿಗೆ ಓದಿ ಹೇಳಲಿಲ್ಲ, ಆಮೇಲೆ ಬಚ್ಚಿಟ್ಟೆ ಎಂದು ಬರೆದೆ. ಹಸಿದಿದ್ದವಳು ನನ್ನ ಅಕ್ಕ ನೀಲವ್ವ ಎಂದು ಬರೆದೆ. ಅಕ್ಕ ಓದಿದಳು. ಎರಡನೆಯ ಸಲ, ನಿಧಾನವಾಗಿ, ಒಂದಕ್ಷರವನ್ನೂ ಬಿಡದೆ ಓದಿದಳು. ಮಡಿಸಿ ಹೊಲಿಗೆ ಯಂತ್ರದ ಖಾನೆಯಲ್ಲಿ ಇಟ್ಟುಕೊಂಡಳು.

"ಇನ್ನೊಂದ್ ಪ್ರತಿ ಮಾಡು. ಕಚೇರಿಗೆ" ಎಂದಳು.

ನಾನು ಮತ್ತೆ ಪೆನ್ನು ತೆಗೆದು ಮೊದಲಿನಿಂದ ಬರೆಯಲು ಕುಳಿತೆ.