ಹತ್ತು ಎಣಿಸುವ ತನಕ

೧೯೭೫ನೆಯ ಮಾರ್ಚ್ ೨೨, ಶನಿವಾರ. ಆಧಾರ: ಐದನೆಯ ಇಯತ್ತೆಯಲ್ಲಿ ನಾನು ಬಳಸಿದ ಗಣಿತದ ನೋಟುಬುಕ್ಕು, ಹಿಂದಿನ ರಟ್ಟಿನಿಂದ ಆರನೆಯ ಪುಟ. ಪೆನ್ಸಿಲಿನಲ್ಲಿ ಬರೆದದ್ದು ಇಷ್ಟೇ: ‘ಮಾಮಾನ ಗಿಟಾರ. ಬರೇ ತಂತಿ.’ ಅದರ ಮುಂದೆ ಮೂರು ನಿಂತ ಗೀಟುಗಳು. ಇದೆಲ್ಲ ಹೋಳಿ ಹುಣ್ಣಿಮೆಯ ಮರುದಿನ ಶುರುವಾಯಿತೆಂದು ಬಸು ಮಾಮ ಕೊನೆಯವರೆಗೂ ಹೇಳುತ್ತಿದ್ದ. ಆ ವರ್ಷದ ಪಂಚಾಂಗವನ್ನು ಹುಡುಕಿ ತರಿಸಿದೆ. ಹುಣ್ಣಿಮೆ ಬಂದದ್ದು ಐದು ದಿನಗಳ ನಂತರ, ಗುರುವಾರ. ಮಾಮನ ನೆನಪು ತಪ್ಪು. ನೋಟುಬುಕ್ಕಿನ ವಾರ, ತಾರೀಖು ಎರಡೂ ಹೊಂದುತ್ತವೆ. ಹಾಗಾಗಿ ಮುಂದೆ ಬರೆಯುವುದರಲ್ಲಿ ನೋಟುಬುಕ್ಕನ್ನೇ ನಂಬಿದ್ದೇನೆ.

ಆಗಿನ ದಾಂಡೇಲಿಯಲ್ಲಿ ಬೆಳೆದವರಿಗೆ ಅದರ ವಾಸನೆಯನ್ನು ವರ್ಣಿಸಬೇಕಾಗಿಲ್ಲ. ಕಾಗದದ ಕಾರ್ಖಾನೆಯಲ್ಲಿ ಬಿದಿರು ಬೇಯುವಾಗ ಏಳುತ್ತಿದ್ದ, ಕೊಳೆತ ಕೋಸಿನಂಥ ಆ ನಾತ ನಾದಿದ ರೊಟ್ಟಿಹಿಟ್ಟಿಗೂ ಹತ್ತುತ್ತಿತ್ತು. ಭೋಂಗಾ ಕೂಗಿದರೆ ಅಪ್ಪನ ಪಾಳಿ ಮುಗಿಯಿತೆಂದು ಅರ್ಥ. ನಾವು ಕುಂಟಾಬಿಲ್ಲೆಯ ಬಿಲ್ಲೆಯನ್ನು ಲಂಗದ ಅಂಚಿಗೆ ಕಟ್ಟಿಕೊಂಡು ಮನೆಗೆ ಓಡುತ್ತಿದ್ದೆವು. ಧಾರವಾಡದ ಕಡೆಯಿಂದ ಬಂದು ಸಾಲುಮನೆಯೊಂದರಲ್ಲಿ ನೆಲೆಸಿದ್ದ ನಮ್ಮ ಸಂಸಾರದಲ್ಲಿ ಅಪ್ಪ, ಅವ್ವ, ನಾನು ಮತ್ತು ಅವ್ವನ ತಮ್ಮ ಬಸು ಮಾಮ. ಮಾಮನೂ ಅದೇ ಕಾರ್ಖಾನೆಯ ಕೆಲಸಗಾರ. ಕ್ಯಾಸಲ್‌ರಾಕ್‌ನಿಂದ ವರ್ಗವಾಗಿ ಹೊರಟಿದ್ದ ರೈಲ್ವೆ ಗಾರ್ಡೊಬ್ಬರು ಕೊಟ್ಟುಹೋದ ಹಳೆಯ ಗಿಟಾರು ಅವನ ಪಾಲಿಗೆ ಹೆಂಡತಿ, ಮಕ್ಕಳು, ದೇವರು ಎಲ್ಲವೂ ಆಗಿತ್ತು.

ಊರಿನಲ್ಲಿ ಮದುವೆಗಳಿಗೆ ನುಡಿಸುವ ಒಂದು ಆರ್ಕೆಸ್ಟ್ರಾ ಇತ್ತು. ಅದರಲ್ಲಿ ಕುರ್ಚಿ ಸಿಗಬೇಕೆಂಬುದೊಂದೇ ಮಾಮನ ಆಸೆ. ಅದನ್ನು ನಡೆಸುತ್ತಿದ್ದ ಕ್ಲಾರಿಯೊನೆಟ್ ಮಾಸ್ತರರು ನಮ್ಮ ಕಟ್ಟೆಯ ಮೇಲೆ ಕುಳಿತು, ಅವ್ವ ಕೊಟ್ಟ ಚುರುಮುರಿ ಮೆಲ್ಲುತ್ತ, ಮಾಮನ ನುಡಿಸಾಣಿಕೆಯನ್ನು ಕೇಳಿದರು.

“ಬಸ್ಯಾ, ನುಡಸಾಕತ್ತಿಯೋ, ಬರೇ ಬೆರಳ ಆಡಸಾಕತ್ತಿಯೋ?”

“ನುಡಸಾಕತ್ತೇನ್ರೀ ಮಾಸ್ತರ.”

“ನಮ್ಮ ಡೋಲಿನ ಮುಂದ ಇದು ಇರುವಿ ಕೆಮ್ಮಿದಂಗ ಆಗತೈತಿ. ಅದೂ ಹೋಗ್ಲಿ, ನಿನ್ನ ಸ್ವರ ಅಂದ್ರ ಕಾದ ಹಂಚಿನ ಮ್ಯಾಲಿನ ನೀರಿನ ಹನಿ. ಚುಂಯ್ ಅಂತು, ಹೋತು. ನಾ ಒಂದ ಉಸರಿಗೆ ಹತ್ತು ಎಣಸೂ ತನಕ ಸ್ವರ ಹಿಡೀತೇನಿ. ನಿನ್ನ ತಂತಿನೂ ಅಷ್ಟು ನಿಲ್ಲಲಿ. ಅವತ್ತ ಬಾ, ಕುರ್ಚಿ ಹಾಕಸ್ತೇನಿ.”

ಎಣಿಸುವ ಕೆಲಸ ನನಗೆ ಬಂದದ್ದು ಹೀಗೆ. ಮಾಮ ತಂತಿಯನ್ನು ಮೀಟಬೇಕು, ಮೇಜಿನ ಗಡಿಯಾರದ ಟಿಕ್ಕಿಗೊಂದರಂತೆ ನಾನು ಗೀಟು ಎಳೆಯಬೇಕು, ಸ್ವರ ಸತ್ತೊಡನೆ ನಿಲ್ಲಿಸಬೇಕು. ಬರಿಯ ಗಿಟಾರು ನಿಂತದ್ದು ಮೂರು ಗೀಟು.

ಮಾಮ ರೇಡಿಯೋ ರಿಪೇರಿಯ ಹುಸೇನ್ ಚಾಚಾನ ಬಳಿಗೆ ಹೋದ. ಚಾಚಾನ ಅಂಗಡಿಯಲ್ಲಿ ಸದಾ ರಾಳ ಸುಟ್ಟ ವಾಸನೆ; ಬೆನ್ನು ಬಿಚ್ಚಿದ ರೇಡಿಯೋಗಳೊಳಗೆ ಗಾಜಿನ ವಾಲ್ವುಗಳು ಕೆಂಡದಂತೆ ಮಿನುಗುತ್ತಿದ್ದವು. ಆತ ಗಿಟಾರನ್ನು ಬೆರಳಿನಿಂದ ಕುಟ್ಟಿ ನೋಡಿದ.

“ಒಳಗ ಪೊಳ್ಳು ಐತಿ, ಬಸುಭಾಯಿ. ಪೊಳ್ಳು ಕಟಗಿ ಸ್ವರಾನ ತಾನ ತಿಂದುಬಿಡತೈತಿ. ಸಾಗವಾನಿ ಹಲಗಿ ತರ್ರಿ. ಘನ ಕಟಗಿ ಇದ್ರ ತಂತಿ ತನ್ನ ಶಕ್ತಿ ತನ್ನ ಹಂತ್ಯಾಕ ಇಟಗೋತೈತಿ.”

ಏಪ್ರಿಲ್ ತಿಂಗಳ ನಮೂದುಗಳು ನಾಲ್ಕು. ‘ಸಾಗವಾನಿ ಹಲಗಿ, ಕಾಯಿಲ್’: ಐದು ಗೀಟು. ಕಾಯಿಲ್ ಎಂದರೆ ತಂತಿಗಳ ಕೆಳಗೆ ಚಾಚಾ ಕೂಡಿಸಿದ, ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಎಳೆ. ‘ದಪ್ಪ ತಂತಿ’: ಆರು. ‘ಹಿತ್ತಾಳಿ ಕುದುರಿ’, ಅಂದರೆ ತಂತಿಗಳು ಒರಗುವ ಹಿತ್ತಾಳೆಯ ತುಂಡು: ಆರು. ನಾಲ್ಕನೆಯದು ‘ಪೆಟ್ಟಿಗಿ ತಿರುವಿದ್ದು’: ಎಂಟು. ಈ ನಾಲ್ಕನೆಯದನ್ನು ವಿವರಿಸಬೇಕು. ಚಾಚಾ ಹಳೆಯ ರೇಡಿಯೋ ಒಂದರ ಭಾಗಗಳಿಂದ ಆಂಪ್ಲಿಫೈಯರ್ ಮಶೀನು ಕಟ್ಟಿ, ದೊಡ್ಡ ಸ್ಪೀಕರನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂಡಿಸಿದ್ದ. ಒಂದು ದಿನ ಆ ಪೆಟ್ಟಿಗೆಯ ಬಾಯನ್ನು ಮಾಮನ ಎದೆಯ ಕಡೆಗೆ ತಿರುಗಿಸಿದ. ಸಾಯಬೇಕಾದ ಸ್ವರ ಸಾಯಲಿಲ್ಲ. ಎಂಟನೆಯ ಗೀಟಿನ ನಂತರ ಕೆಳಗಿಳಿದು, ಹೊರಳಿ, ನರಿಯಂತೆ ಊಳಿಡತೊಡಗಿತು. ನಾನು ಎಣಿಕೆ ಬಿಟ್ಟು ಕಿವಿ ಮುಚ್ಚಿಕೊಂಡೆ.

“ಇದೇನ ಚಾಚಾ?”

“ಪೆಟ್ಟಿಗಿ ಒದರೂದು ತಂತಿಗೆ ಕೇಳತೈತಿ, ತಂತಿ ನಡಗತೈತಿ. ತಂತಿ ನಡಗಿದ್ದು ಪೆಟ್ಟಿಗೀಗೆ ಕೇಳತೈತಿ, ಅದು ಮತ್ತ ಒದರತೈತಿ. ತನ್ನ ಬಾಲಾ ತಾನ ನುಂಗೂ ಹಾವು, ಬೇಟಿ. ಹೊಟ್ಟಿ ತುಂಬ್ತು ಅನ್ನಂಗಿಲ್ಲ ಅದು. ನಾವ ಬಿಡಸಬೇಕು.”

ದನಿ ಹೆಚ್ಚಿದಂತೆ ಅದರ ಹಿಂದೆ ‘ಗುಂಯ್’ ಎಂಬ ಸದ್ದೂ ಹೆಚ್ಚಿತು. ಅದಕ್ಕಾಗಿ ಚಾಚಾ ನಮ್ಮ ಹಿತ್ತಲಿನಲ್ಲಿ ಗುಣಿ ತೋಡಿ, ಇದ್ದಿಲು, ಉಪ್ಪು ತುಂಬಿ, ಕಬ್ಬಿಣದ ಕೊಳವೆ ಹುಗಿದು, ಮಶೀನಿನಿಂದ ಅಲ್ಲಿಗೊಂದು ತಂತಿ ಎಳೆದ.

“ಇದು ಅರ್ಥ್ ವಾಯರ್.”

“ಎದರ ಅರ್ಥ, ಚಾಚಾ?”

ಆತ ನಕ್ಕುಬಿಟ್ಟ. “ಮಶೀನಿನ ಸಿಟ್ಟು ಭೂಮಿತಾಯಿಗೆ ಅರ್ಥ ಮಾಡಸೂ ವಾಯರ್. ದಿನಾ ಒಂದ ಕೊಡ ನೀರ ಹಾಕು, ಗುಣಿ ಒಣಗಬಾರದು. ಮತ್ತ ಇದಕ್ಕ ಯಾರೂ ಕೈ ಹಚ್ಚಬಾರದು.” ಆಮೇಲೆ ನಗು ನಿಲ್ಲಿಸಿ ಮಾಮನನ್ನು ನೋಡಿದ. “ನಿಮಗೂ ಹೇಳೇನಿ, ಬಸುಭಾಯಿ.”

ಅಂದಿನಿಂದ ಗುಣಿಗೆ ನೀರು ಹಾಕುವುದು ನನ್ನ ವ್ರತವಾಯಿತು.

ಮೇ ೧೮, ರವಿವಾರ. ಮರುದಿನ ಸಂಜೆ ಮಾಸ್ತರರ ಮುಂದೆ ಪರೀಕ್ಷೆ. ಎಣಿಕೆ ಇನ್ನೂ ಎಂಟರಲ್ಲೇ ನಿಂತಿತ್ತು. ಚಾಚಾ ಮದುವೆಯೊಂದರ ಧ್ವನಿವರ್ಧಕದ ಕೆಲಸಕ್ಕೆಂದು ಮುಂಡಗೋಡಿಗೆ ಹೋಗಿದ್ದ. ಮಾಮ ಹಳಿಯಾಳದ ಗೆಳೆಯನೊಬ್ಬನ ಆಂಪ್ಲಿಫೈಯರನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದು, ಎರಡೂ ಮಶೀನುಗಳನ್ನು ಕೂಡಿಸಿದ. ದನಿ ಇಮ್ಮಡಿಯಾಯಿತು, ಗುಂಯ್ ಸದ್ದು ಮಾತ್ರ ಹತ್ತುಮಡಿಯಾಗಿ ಸ್ವರವನ್ನೇ ನುಂಗಿತು. ಮಾಮ ಒಂದೊಂದೇ ತಂತಿಯನ್ನು ಬಿಚ್ಚಿ ನೋಡುತ್ತ ಹೋದ. ಗುಣಿಯ ತಂತಿಯನ್ನು ಬಿಚ್ಚಿದೊಡನೆ ಸದ್ದು ಪಟ್ಟನೆ ನಿಂತಿತು. ಹಿತ್ತಲಿನಲ್ಲಿ ಅಂಥ ಮೌನವನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಅವ್ವ ಒಳಗಿನಿಂದ ಕೂಗಿ ಹೇಳಿದಳು: “ಬಸ್ಯಾ, ಹುಸೇನ್‌ಭಾಯಿ ಬರ್ಲಿ ತಡಿಯೋ.”

“ಅವ್ರು ಬರೂದು ಬುಧವಾರಕ್ಕ, ಅಕ್ಕಾ. ಪರೀಕ್ಷಾ ನಾಳೆ ಐತಿ.” ತಂತಿಯನ್ನು ಸುರುಳಿ ಸುತ್ತಿ ಮೊಳೆಗೆ ತೂಗುಹಾಕುತ್ತ ನನಗೆ ಕಣ್ಣು ಮಿಟುಕಿಸಿದ. “ಗಂಗೂ, ಚಾಚಾನ ಮುಂದ ಬಾಯಿ ಬಿಡಬ್ಯಾಡ. ಗೆದ್ರ ನಿನಗ ಮಿರ್ಚಿ ಭಜಿ.”

ನಾನು ಎಂದಿನಂತೆ ಗುಣಿಗೆ ಒಂದು ಕೊಡ ನೀರು ಸುರಿದೆ. ತಂತಿಯಿಲ್ಲದ ಗುಣಿಗೆ ನೀರೇಕೆ ಎಂದು ನನಗೆ ಹೊಳೆಯಲಿಲ್ಲ. ಹೆಚ್ಚಾದ ನೀರು ಹರಿದು, ಮಾಮ ಬರಿಗಾಲಲ್ಲಿ ನಿಂತಿದ್ದ ಹಾಸುಗಲ್ಲನ್ನು ತೋಯಿಸಿತು.

ಮಾಮ ಪೆಟ್ಟಿಗೆಯ ಬಾಯೆದುರು ನಿಂತು, ಎಡಗೈಯಿಂದ ಗಿಟಾರಿನ ಕುತ್ತಿಗೆಯನ್ನು ಹಿಡಿದು ಮೀಟಿದ. ಸ್ವರ ಎದ್ದಿತು, ನಿಂತಿತು. ಕ್ಷೀಣಿಸಲಿಲ್ಲ. ಗೋಡೆಯಾಚೆಯಿಂದ ಪಕ್ಕದ ಮನೆಯವರು ಇಣುಕಿದರು. “ಅಬ್ಬಾ, ನಿಂತತಿ ನೋಡ್ಲೇ! ನಿಂತತಿ!” ಎಂದು ಯಾರೋ ಚಪ್ಪಾಳೆ ತಟ್ಟಿದರು. ಮಾಮ ಹಲ್ಲು ಕಚ್ಚಿದ್ದ, ಅವನ ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು, ಕಣ್ಣುಗಳು ನನ್ನ ಮೇಲೆ ನೆಟ್ಟಿದ್ದವು. ಎಲ್ಲರೂ ಅದನ್ನು ಸಂತೋಷವೆಂದು ತಿಳಿದರು. ವಿದ್ಯುತ್ತು ಅವನ ಕೈಯನ್ನು ತಂತಿಗೆ ಬಿಗಿದಿತ್ತು. ಆ ಕೈ ಬಿಡದಿದ್ದುದರಿಂದಲೇ ಸ್ವರವೂ ಬಿಡುತ್ತಿರಲಿಲ್ಲ.

ಐದನೆಯ ಎಣಿಕೆಗೆ ನನಗೆ ತಿಳಿಯಿತು. ಪೆನ್ಸಿಲು ಬಿಸಾಡಿ, “ಅವ್ವಾ, ಮಾಮಾನ್ನ ಹಿಡಿದೈತಿ!” ಎಂದು ಒದರುತ್ತ ಒಳಗೆ ಓಡಿದೆ. ಅವ್ವ ಒನಕೆಯೊಡನೆ ಹೊರಬಂದು ಪ್ಲಗ್ಗಿಗೆ ಹೊಡೆದಳು. ಕಿಡಿ ಹಾರಿತು, ಸ್ವರ ಕಡಿಯಿತು, ಮಾಮ ಕವುಚಿ ಬಿದ್ದ. ಐವತ್ತು ವರ್ಷಗಳಿಂದ ನನ್ನ ನೆನಪಿನಲ್ಲಿರುವುದು ಇದೇ ಕ್ರಮ.

ಮಾಮ ಉಳಿದ. ಎಡಗೈಯ ಮೂರು ಬೆರಳುಗಳು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಬುಧವಾರ ಬಂದ ಚಾಚಾ ಮೊಳೆಯಲ್ಲಿದ್ದ ಸುರುಳಿಯನ್ನು ಕೈಗೆತ್ತಿಕೊಂಡ. “ಯಾರು ಬಿಚ್ಚಿದ್ರು, ಬೇಟಿ?” ಎಂದು ನನ್ನನ್ನು ಕೇಳಿದ. ಹಾಸಿಗೆಯಿಂದ ಮಾಮನೇ “ನಾನ” ಎಂದ. ಚಾಚಾ ತನ್ನ ಮಶೀನನ್ನು ಅಲ್ಲೇ ಬಿಚ್ಚಿ, ವಾಲ್ವುಗಳನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋದ. ಅಂಥದ್ದನ್ನು ಮತ್ತೆ ಯಾರಿಗೂ ಕಟ್ಟಿಕೊಡಲಿಲ್ಲ.

ಆಮೇಲೆ ಯಾವ ಮದುವೆಯ ಪಂಕ್ತಿಯಲ್ಲಿ ಕುಳಿತರೂ ಮಾಮ ಆ ಮಡಿಚಿದ ಬೆರಳುಗಳನ್ನು ಎತ್ತಿ ತೋರಿಸುತ್ತಿದ್ದ: “ನಮ್ಮ ಗಂಗೂ ಒದರಲಿಲ್ಲಂದ್ರ ನನ್ನ ಬೂದಿನೂ ಇರ್ತಿದ್ದಿಲ್ಲ.” ಅವ್ವ ಆ ಮಾತಿಗೆ ಎಂದೂ ಹೂಂಗುಟ್ಟಲಿಲ್ಲ, ಏನೋ ನೆನಪಾದವಳಂತೆ ಒಳಗೆದ್ದು ಹೋಗುತ್ತಿದ್ದಳು. ತಮ್ಮನ ಹೊಗಳಿಕೆ ಅವಳಿಗೆ ಸಂಕೋಚವೆಂದು ನಾನು ತಿಳಿದಿದ್ದೆ.

ಕಳೆದ ವರ್ಷ ಹುಬ್ಬಳ್ಳಿಯ ವಾದ್ಯದಂಗಡಿಯೊಂದರಲ್ಲಿ ಅಂಗೈಯಗಲದ ಡಬ್ಬಿಯೊಂದನ್ನು ನೋಡಿದೆ. ಕಾಲಿನಿಂದ ಒತ್ತಿದರೆ ಸಾಕು, ಗಿಟಾರಿನ ಸ್ವರ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಕೈಗೆ ಏನೂ ಆಗುವುದಿಲ್ಲ. ನೋಡಬೇಕಾಗಿದ್ದವನು ಇಲ್ಲ, ಚಾಚಾ ಇಲ್ಲ, ಅವ್ವ ಇಲ್ಲ. ನನಗೆ ಉಳಿದಿದ್ದುದು, ನಾನು ಒದರಿ ಉಳಿಸಿದೆನೆಂದು ಮಾಮ ಹೇಳುತ್ತಿದ್ದ ಆ ಒಂದು ಮಾತು.

ಅವ್ವನ ಟ್ರಂಕಿನಲ್ಲಿ ಸಿಕ್ಕ ಈ ನೋಟುಬುಕ್ಕಿನ ಕೊನೆಯ ಎರಡು ಹಾಳೆಗಳು ಅಂಟಿಕೊಂಡಿದ್ದವು. ಅಂಟು ಅನ್ನದ್ದು, ಯಾರು ಹಚ್ಚಿದರೆಂಬುದಕ್ಕೆ ಆಧಾರವಿಲ್ಲ. ಈ ತಿಂಗಳು ಅವನ್ನು ಹಬೆಗೆ ಹಿಡಿದು ಬಿಡಿಸಿದೆ. ‘೧೮ ಮೇ. ಎರಡ ಮಶೀನ.’ ಮುಂದೆ ಐದಲ್ಲ, ಹತ್ತೊಂಬತ್ತು ಗೀಟುಗಳಿವೆ. ಹನ್ನೊಂದನೆಯದರ ತಲೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ‘ಗೆದ್ದಿವಿ’ ಎಂದಿದೆ. ಮೂವತ್ತೈದು ವರ್ಷ ಶಾಸನಗಳ ಗೆರೆಗಳನ್ನು ಓದಿದವಳು ನಾನು; ಕೆತ್ತುವಾಗ ಕೈ ನಡುಗಿದ್ದರೆ ಗೆರೆ ಹೇಳುತ್ತದೆ. ಇವುಗಳ ನಡುವಿನ ಅಂತರ ಒಂದೇ ಸಮನಾಗಿದೆ. ಹತ್ತೊಂಬತ್ತನೆಯ ಗೀಟು ಮೊದಲನೆಯದರಷ್ಟೇ ನೆಟ್ಟಗಿದೆ.